ಐಸಿಯುನಲ್ಲಿ ಹಗಲು ಯಾವುದು, ರಾತ್ರಿ ಯಾವುದು?



ಎರಡು ವರ್ಷದ ಹಿಂದೆ, ಸಾಗರದಿಂದ ನಮ್ಮಲ್ಲಿಗೆ ಬಂದಿದ್ದ ಅಪ್ಪನಿಗೆ ನ್ಯುಮೋನಿಯಾ ಆಗಿ ಇಲ್ಲಿನ ಆಸ್ಪತ್ರೆಯೊಂದರ ಐಸಿಯುಗೆ ಸೇರಿಸಬೇಕಾಯಿತು. ಮೂರನೆಯ ದಿನ ಮಧ್ಯಾಹ್ನ ನೋಡಲು ಹೋದರೆ, "ಬೆಳಗಾಯ್ತೇನೋ? ಹಾಲಿನವನು ಬಂದನಾ?" ಅಂದರು. ನನ್ನ ಎದೆ ಧಸಕ್ಕೆಂದಿತು. ಕಿಟಕಿಯ ಪರದೆ ಇಳಿಬಿಟ್ಟಿತ್ತು. ತಲೆಯ ಮೇಲಿನ ಬಿಳಿ ದೀಪ ಹಗಲೂ ರಾತ್ರಿಯೂ ಉರಿಯುತ್ತಿತ್ತು. ಅರ್ಧ ಗಂಟೆ ಕೂತ ನನಗೇ ಹೊತ್ತು ತಿಳಿಯಲಿಲ್ಲ.

ಇದಕ್ಕೆ ಡೆಲಿರಿಯಂ ಎನ್ನುತ್ತಾರೆ, ಐಸಿಯುನಲ್ಲಿರುವ ವಯಸ್ಸಾದವರಲ್ಲಿ ಸಾಮಾನ್ಯ ಎಂದರು ಡಾಕ್ಟರು. ಸೋಂಕು, ಔಷಧಿ, ನಿದ್ದೆಗೇಡು ಎಲ್ಲವೂ ಕಾರಣವಂತೆ. ಬೆಳಕಿಗೂ ಇದರಲ್ಲಿ ಪಾಲಿದೆಯೇ ಎಂದು ಅಂದಿನಿಂದ ಓದತೊಡಗಿದೆ.

ನಮ್ಮ ಕಣ್ಣಿನಲ್ಲಿ ನೋಡುವ ಕೋಶಗಳಲ್ಲದೆ ಹೊತ್ತು ತಿಳಿಸುವ ಕೋಶಗಳೂ ಇವೆ. ನೀಲಿ ಬೆಳಕಿಗೆ ಹೆಚ್ಚಾಗಿ ಸ್ಪಂದಿಸುವ ಇವು, "ಹಗಲಾಯಿತು" ಎಂದು ಮಿದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ರಾತ್ರಿಯ ಪ್ರಖರ ಬಿಳಿ ದೀಪವೂ ಅದೇ ಸುದ್ದಿ ಕೊಟ್ಟು, ನಿದ್ದೆಗೆ ನೆರವಾಗುವ ಮೆಲಟೋನಿನ್ ತಗ್ಗಿಸುತ್ತದೆ. 1972ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಕಿಟಕಿಯಿಲ್ಲದ ಐಸಿಯುನಲ್ಲಿದ್ದವರಲ್ಲಿ ಡೆಲಿರಿಯಂ ಇಮ್ಮಡಿಗೂ ಹೆಚ್ಚು ಕಂಡಿತ್ತು. 1984ರಲ್ಲಿ ರೋಜರ್ ಅಲ್ರಿಚ್ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ಸಾಮಾನ್ಯ ವಾರ್ಡಿನ ಲೆಕ್ಕ ಕೊಟ್ಟರು: ಪಿತ್ತಕೋಶದ ಆಪರೇಷನ್ ಆದವರಲ್ಲಿ, ಇಟ್ಟಿಗೆ ಗೋಡೆ ನೋಡುತ್ತಿದ್ದವರಿಗಿಂತ ಕಿಟಕಿಯಾಚೆ ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು.

ಹಾಗಾದರೆ ಒಳ್ಳೆಯ ದೀಪ ಹಾಕಿದರೆ ಮುಗಿಯಿತೇ? ಇಲ್ಲ. ದಿನವಿಡೀ ಬಣ್ಣ, ಪ್ರಖರತೆ ಬದಲಾಗುವ ದೀಪಗಳನ್ನು ನೆದರ್ಲೆಂಡ್ಸ್‌ನ ಒಂದು ಐಸಿಯುನಲ್ಲಿ 734 ರೋಗಿಗಳೊಂದಿಗೆ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಡೆಲಿರಿಯಂ ಕಡಿಮೆಯಾಗಿರಲಿಲ್ಲ. ಇನ್ನು ಗೋಡೆಗೆ ಗಾಢ ಬಣ್ಣ ಬಳಿದರೆ ಬೇರೆಯೇ ತೊಂದರೆ: ಹಳದಿಯ ಪ್ರತಿಫಲನದಲ್ಲಿ ಕಾಮಾಲೆ, ನೀಲಿಯಲ್ಲಿ ಆಮ್ಲಜನಕ ಕಡಿಮೆಯಾದ ತುಟಿಯ ಬಣ್ಣ ಗುರುತಿಸುವುದು ಕಷ್ಟ.

ನಾವು ಮಾಡಿದ್ದು ಇಷ್ಟೇ. ನರ್ಸನ್ನು ಕೇಳಿ ಬೆಳಿಗ್ಗೆ ಪರದೆ ಸರಿಸಿದೆವು, ರಾತ್ರಿ ದೊಡ್ಡ ದೀಪ ಆರಿಸಿಸಿದೆವು. ಅಪ್ಪನಿಗೆ ಕನ್ನಡಕ ಹಾಕಿ, ಎದುರಿಗೆ ಗಡಿಯಾರ ಇಟ್ಟೆವು. ಇವತ್ತು ಯಾವ ವಾರ, ನಾವು ಎಲ್ಲಿದ್ದೇವೆ ಎಂದು ಕನ್ನಡದಲ್ಲಿ ಹೇಳುತ್ತಲೇ ಇದ್ದೆವು. ಆರನೆಯ ದಿನ ಕಿಟಕಿಯತ್ತ ನೋಡಿ, "ಎಷ್ಟು ಹಿಮ ಬಿದ್ದಿದೆಯಲ್ಲೋ, ಕಾರು ಹೇಗೆ ತಂದೆ?" ಎಂದರು. ನನ್ನ ಕಣ್ಣು ತುಂಬಿ ಬಂತು. ಬೆಳಕೊಂದರಿಂದಲೇ ಸರಿಹೋಯಿತು ಎನ್ನಲಾರೆ, ಸೋಂಕೂ ಇಳಿದಿತ್ತು.

ನಮ್ಮಲ್ಲಿ ಅನೇಕರ ಅಪ್ಪ ಅಮ್ಮಂದಿರು ಬಂದು ಹೋಗುತ್ತಿರುತ್ತಾರೆ. ಅಂಥ ಸಂದರ್ಭ ಯಾರಿಗೂ ಬಾರದಿರಲಿ. ಬಂದರೆ, ರಕ್ತದ ರಿಪೋರ್ಟ್ ಕೇಳಿದ ಮೇಲೆ ಕಿಟಕಿಯ ಬಗ್ಗೆಯೂ ಒಂದು ಮಾತು ಕೇಳಿ. ಸಂಕೋಚ ಬೇಡ.