ಕಂಬವನ್ನು ಕಡಿಯದ ಕಚೇರಿ

ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮಗೊಬ್ಬ ಶತ್ರುವಿದ್ದನು. ಗಿರಾಕಿಯಲ್ಲ, ಸಾಲ ಕೊಟ್ಟವನೂ ಅಲ್ಲ. ಹಜಾರದ ನಟ್ಟನಡುವೆ ನಿಂತಿದ್ದ ಒಂದು ಕಂಬ. ಅದರ ದೆಸೆಯಿಂದ ಎರಡು ಮೇಜುಗಳ ಜಾಗ ನಷ್ಟವಾಗುತ್ತಿತ್ತು. ಕೆಡವಿಸಿಬಿಡೋಣವೆಂದು ಮೇಸ್ತ್ರಿಯನ್ನು ಕರೆಸಿದೆವು. ಆತನು ಒಂದೇ ಮಾತು ಕೇಳಿದನು: “ಧಣಿಗಳೇ, ಮಾಳಿಗೆಯಲ್ಲಿ ಮಲಗುವವರು ಯಾರು?” ಮಲಗುತ್ತಿದ್ದವರು ನಮ್ಮ ಹುಡುಗರೇ. ಕಂಬ ಉಳಿಯಿತು. ಅದರ ಒಂದು ಮಗ್ಗುಲಿಗೆ ಗಲ್ಲಾ, ಉಳಿದ ಮಗ್ಗುಲುಗಳಿಗೆ ತಿಂಡಿಯ ಪಟ್ಟಿ, ಕೊಡೆಯ ಗೂಟ, ಲೋಟಗಳ ಹಲಗೆ ಬಂದವು. ತಿಂಗಳೊಪ್ಪತ್ತಿನಲ್ಲಿ ಜನ ನಮ್ಮದನ್ನು ‘ಕಂಬದ ಹೋಟೆಲು’ ಎಂದೇ ಕರೆಯತೊಡಗಿದರು.

ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಭಾರೀ ವೆಚ್ಚದ ಕಚೇರಿಗಳು ಸಿದ್ಧವಾಗುವುದನ್ನು ಕಂಡಾಗ ಆ ಮೇಸ್ತ್ರಿಯ ಪ್ರಶ್ನೆ ನೆನಪಾಗುತ್ತದೆ. ಮಾಲೀಕರಿಗೆ ವಿಶಾಲವಾದ ಹಜಾರ ಬೇಕು. ಕಟ್ಟಡಕ್ಕೆ ಕಂಬ, ತೊಲೆ, ಭಾರ ಹೊರುವ ಗೋಡೆಗಳು ಬೇಕು. ಈ ಎರಡರ ರಾಜಿಯಲ್ಲಿಯೇ ವಿನ್ಯಾಸಕಾರನ ಜಾಣ್ಮೆಯಿದೆ.

ಬಲ್ಲವನು ಮೊದಲು ಯಾವುದು ಭಾರ ಹೊರುವ ಗೋಡೆ, ಯಾವುದು ಬರಿಯ ಅಡ್ಡಗೋಡೆ ಎಂಬುದನ್ನು ಎಂಜಿನಿಯರರಿಂದ ತಿಳಿದುಕೊಳ್ಳುತ್ತಾನೆ. ಕಂಬಗಳ ಸಾಲಿನಲ್ಲಿಯೇ ಗಾಜಿನ ತಡಿಕೆಯನ್ನೋ ಕಪಾಟನ್ನೋ ನಿಲ್ಲಿಸಿ, ಕಂಬ ಅಲ್ಲಿರುವುದೇ ಸಹಜವೆನಿಸುವಂತೆ ಮಾಡುತ್ತಾನೆ. ತೊಲೆ ತಗ್ಗಾಗಿರುವಲ್ಲಿ ಓಡಾಡುವ ದಾರಿಯನ್ನಿಟ್ಟು, ಮಾಡು ಎತ್ತರವಾಗಿರುವಲ್ಲಿ ಜನರನ್ನು ಕೂರಿಸುತ್ತಾನೆ. ತಂಪುಗಾಳಿಯ ಕೊಳವೆಗಾಗಿ ತೊಲೆಯನ್ನು ಕೊರೆಯದೆ ಅದರ ಪಕ್ಕದಲ್ಲಿಯೇ ಒಯ್ಯುತ್ತಾನೆ. ಕಡತಗಳ ಬೀರು, ತಿಜೋರಿ ಮೊದಲಾದ ಭಾರದ ವಸ್ತುಗಳನ್ನು ನೆಲದ ನಡುವೆ ಒಟ್ಟದೆ, ಎಂಜಿನಿಯರರು ತೋರಿಸಿದ ಗಟ್ಟಿ ಆಧಾರದ ಬಳಿ ಇರಿಸುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಕಟ್ಟಡಕ್ಕೂ ಸಲ್ಲುತ್ತದೆ.

ಕಂಬವಿದ್ದರೆ ಕಚೇರಿಯ ಘನತೆ ಕುಗ್ಗುವುದೆನ್ನುವವರು ಅಮೆರಿಕದ ರೇಸೀನ್ ಪಟ್ಟಣದ ಜಾನ್ಸನ್ ವ್ಯಾಕ್ಸ್ ಕಚೇರಿಯ ಸಂಗತಿಯನ್ನು ಕೇಳಬೇಕು. ಫ್ರಾಂಕ್ ಲಾಯ್ಡ್ ರೈಟ್ ರೂಪಿಸಿದ ಆ ಕಟ್ಟಡ 1939ರಲ್ಲಿ ಪೂರ್ಣಗೊಂಡಿತು. ಗುಮಾಸ್ತರು ಕೂರುವ ದೊಡ್ಡ ಹಜಾರದ ತುಂಬ ಕಂಬಗಳೇ! ಬುಡದಲ್ಲಿ 9 ಅಂಗುಲ ಅಗಲ. ಮೇಲೇರಿದಂತೆ ಹಿಗ್ಗಿ, ತುದಿಯಲ್ಲಿ ಸುಮಾರು 18 ಅಡಿಯ ತಾವರೆ ಎಲೆಯಂತೆ ಹರಡುತ್ತವೆ. ಎಲೆಗಳ ನಡುವಿನ ಸಂದುಗಳಿಂದ ಬೆಳಕು ಇಳಿಯುತ್ತದೆ. ಇಷ್ಟು ಸಪೂರ ಕಂಬ ನಿಂತೀತೇ ಎಂದು ಸರಕಾರಿ ಅಧಿಕಾರಿಗಳು ಶಂಕಿಸಿದರು. 1937ರಲ್ಲಿ ಮಾದರಿ ಕಂಬವೊಂದರ ಮೇಲೆ ಭಾರ ಹೇರಿ ಪರೀಕ್ಷಿಸಲಾಯಿತು. ಹೊರಬೇಕಾಗಿದ್ದುದು 12 ಟನ್. ಹೊತ್ತುದು 60 ಟನ್. ಅಡ್ಡಿಯೆಂದು ನಾವು ಭಾವಿಸುವ ಕಂಬವೇ ಅಲ್ಲಿ ಕಚೇರಿಯ ಶೋಭೆಯಾಯಿತು.

ಕಂಬವನ್ನು ಕಡೆಗಣಿಸಿದರೆ ಆಗುವುದೇನು? 2017ರ ಜುಲೈ 25ರಂದು ಮುಂಬಯಿಯ ಘಾಟ್ಕೋಪರಿನಲ್ಲಿ ನಾಲ್ಕು ಅಂತಸ್ತಿನ ವಸತಿ ಕಟ್ಟಡವೊಂದು ಕುಸಿದು 17 ಮಂದಿ ಮಡಿದರು. ನೆಲ ಅಂತಸ್ತನ್ನು ಮಾರ್ಪಡಿಸುವಾಗ ಕಂಬಗಳಿಗೆ ಕೈ ಹಾಕಲಾಗಿತ್ತೆಂಬುದು ನಿವಾಸಿಗಳ ಆರೋಪವಾಗಿತ್ತು. ಮೂವತ್ತು ವರ್ಷ ಮೀರಿದ ಕಟ್ಟಡಗಳ ದೃಢತೆಯನ್ನು ಪರೀಕ್ಷಿಸಬೇಕೆಂದು ಮುಂಬಯಿ ಪೌರಸಭೆಯ ಕಾನೂನು ವಿಧಿಸುತ್ತದೆ.

ಕಚೇರಿಯ ಅಲಂಕಾರ ಧಣಿಗಳ ವಿಚಾರ, ನಮಗೇನೆಂದು ವಾಚಕರು ಕೇಳಬಹುದು. ಧಣಿಗಳು ದಿನಕ್ಕೆ ಎರಡು ಗಳಿಗೆ ಬಂದು ಹೋಗುವವರು. ಬೆಳಗಿನಿಂದ ಸಂಜೆಯವರೆಗೆ ಆ ತೊಲೆಯ ಕೆಳಗೆ ಕೂರುವವರು ನೀವು. ಗೋಡೆಯ ಬಿರುಕು ಹಿಗ್ಗುತ್ತಿದ್ದರೆ, ನೆಟ್ಟಗೆ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ತಾಕತೊಡಗಿದರೆ, ಕೆಳಗಿನ ಅಂತಸ್ತಿನಲ್ಲಿ ಕಂಬಕ್ಕೆ ಸುತ್ತಿಗೆ ಬೀಳುತ್ತಿದ್ದರೆ ಮೊದಲು ಅರಿಯುವವರೂ ನೀವೇ. ಸಂಕೋಚಪಡದೆ ಹೇಳಿರಿ. ಅಂದು ನಮ್ಮ ಮೇಸ್ತ್ರಿ ಸಂಕೋಚಪಟ್ಟಿದ್ದರೆ, ಮಾಳಿಗೆಯಲ್ಲಿ ಮಲಗಿದ್ದ ಹುಡುಗರ ಗತಿಯೇನಾಗುತ್ತಿತ್ತೆಂದು ಇಂದಿಗೂ ನೆನೆಯುತ್ತೇವೆ.