ಮೈಕ್ ಕಂಡರೆ ಬೆವರುವ ಪಿಜಿ ಡಾಕ್ಟರ್‌ಗಳಿಗೆ ವರ್ಚುವಲ್ ಸಭೆಯಲ್ಲಿ ತಾಲೀಮು: ಏನಿದು, ಹೇಗೆ?

ಹೊಲಿಗೆ ಹಾಕುವಾಗ ನಡುಗದ ಕೈ ಮೈಕ್ ಹಿಡಿದಾಗ ನಡುಗುತ್ತೆ. ಎಂಡಿ, ಎಂಎಸ್ ಓದುತ್ತಿರುವ ಎಷ್ಟೋ ಯುವ ವೈದ್ಯರ ಪಾಡು ಇದು. ಪಿಜಿ ಅಂತ ಕರೆಯುವ ಈ ರೆಸಿಡೆಂಟ್ ಡಾಕ್ಟರ್‌ಗಳು ವಾರ್ಡ್ ನೋಡಿಕೊಂಡರೆ ಸಾಲದು. ಸೆಮಿನಾರ್ ಕೊಡಬೇಕು, ಸೀನಿಯರ್‌ಗಳ ಮುಂದೆ ಕೇಸ್ ಮಂಡಿಸಬೇಕು, ಸಮ್ಮೇಳನದಲ್ಲಿ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಆದರೆ ಡ್ಯೂಟಿ ನಡುವೆ ಮಾತಿನ ಅಭ್ಯಾಸಕ್ಕೆ ಸಮಯ ಎಲ್ಲಿ?

ಇದಕ್ಕೊಂದು ದಾರಿ ವರ್ಚುವಲ್ ವರ್ಲ್ಡ್, ಅಂದ್ರೆ ಕಂಪ್ಯೂಟರ್ ಒಳಗಿನ ಕಾಲ್ಪನಿಕ ಲೋಕ.

*ಏನಿದು?*

2003ರಲ್ಲಿ ಅಮೆರಿಕದ ಲಿಂಡೆನ್ ಲ್ಯಾಬ್ ಕಂಪನಿ ಶುರು ಮಾಡಿದ ‘ಸೆಕೆಂಡ್ ಲೈಫ್’ ಇದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿ ಪ್ರತಿಯೊಬ್ಬರಿಗೂ ಒಂದು ಗೊಂಬೆರೂಪ ಇರುತ್ತೆ. ಅದೇ ಅವತಾರ್. ಅದರ ಮೂಲಕ ಸಭಾಂಗಣಕ್ಕೆ ಹೋಗಬಹುದು, ವೇದಿಕೆ ಹತ್ತಬಹುದು, ಸ್ವಂತ ದನಿಯಲ್ಲೇ ಮಾತಾಡಬಹುದು. ಕಂಪ್ಯೂಟರ್, ಹೆಡ್‌ಫೋನ್, ಒಳ್ಳೆ ಇಂಟರ್ನೆಟ್ ಇದ್ದರೆ ಆಯ್ತು.

ಬೋಸ್ಟನ್ ವಿಶ್ವವಿದ್ಯಾಲಯದ ತಂಡ ಇದೇ ಸೆಕೆಂಡ್ ಲೈಫ್‌ನಲ್ಲಿ 14 ವೈದ್ಯರಿಗೆ ಸಕ್ಕರೆ ಕಾಯಿಲೆ ಚಿಕಿತ್ಸೆ ಬಗ್ಗೆ ಪ್ರಾಯೋಗಿಕ ತರಬೇತಿ ನಡೆಸಿ, 2010ರಲ್ಲಿ ಅದರ ವರದಿ ಪ್ರಕಟಿಸಿತು. ಭಾಷಣದ ತಾಲೀಮಿಗೂ ಇದೇ ವ್ಯವಸ್ಥೆ ಸಾಕು.

*ತಾಲೀಮು ಹೇಗೆ?*

ರೆಸಿಡೆಂಟ್ ವೇದಿಕೆ ಮೇಲೆ ಸ್ಲೈಡ್ ಹಾಕಿ ಮಾತಾಡ್ತಾರೆ. ಸಹಪಾಠಿಗಳು, ಪ್ರಾಧ್ಯಾಪಕರು ತಮ್ಮ ತಮ್ಮ ಜಾಗದಿಂದಲೇ ಸಭಿಕರಾಗಿ ಕೂರುತ್ತಾರೆ. ಒಬ್ಬರು ಮಧ್ಯದಲ್ಲೇ ಎದ್ದು ಹೋಗ್ತಾರೆ, ಇನ್ನೊಬ್ಬರು ಕಷ್ಟದ ಪ್ರಶ್ನೆ ಎಸೀತಾರೆ. ಮುಗಿದ ಮೇಲೆ ರೆಕಾರ್ಡಿಂಗ್ ಹಾಕಿ ಎಲ್ಲಿ ಓಡಿದ್ರು, ಎಲ್ಲಿ ತಡವರಿಸಿದ್ರು ಅಂತ ನೋಡ್ತಾರೆ. ತಪ್ಪಾದ್ರೆ ಮಾನ ಹೋಗಲ್ಲ, ಮತ್ತೆ ಮೊದಲಿಂದ ಶುರು ಮಾಡಬಹುದು.

*ಗೊಂಬೆಗಳಿಗೆ ಯಾರು ಹೆದರ್ತಾರೆ?*

ಹೆದರ್ತಾರೆ! ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೆಲ್ ಸ್ಲೇಟರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿದ್ರು. 8 ವರ್ಚುವಲ್ ಸಭಿಕರ ಎದುರು ಜನರಿಂದ ಭಾಷಣ ಮಾಡಿಸಿದ್ರು. ಒಮ್ಮೆ ತಲೆದೂಗುವ ಸಭಿಕರು, ಇನ್ನೊಮ್ಮೆ ಆಕಳಿಸುವ, ಬೇಸರ ತೋರಿಸುವ ಸಭಿಕರು. ಇವರು ನಿಜವಾದ ಜನ ಅಲ್ಲ ಅಂತ ಗೊತ್ತಿದ್ದರೂ, ಬೇಸರ ತೋರಿಸುವ ಸಭಿಕರ ಮುಂದೆ ಭಾಷಣಕಾರರಿಗೆ ಆತಂಕ ಹುಟ್ಟಿತು. ಮಾಮೂಲಿಯಾಗಿ ಧೈರ್ಯದಿಂದ ಮಾತಾಡುವವರೂ ಇದಕ್ಕೆ ಹೊರತಾಗಿರಲಿಲ್ಲ. 2002ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ತಾಲೀಮಿಗೆ ಬೇಕಾಗಿರೋದೂ ಇದೇ. ಅಂಜಿಕೆ ನಿಜವಾಗಿ ಬರಬೇಕು, ಪದೇಪದೇ ಎದುರಿಸಿ ಅದು ಕರಗಬೇಕು.

*ಇದರಿಂದ ಆಗದೇ ಇರೋದು*

ಅವತಾರ್ ಮುಖದಲ್ಲಿ ನಿಜವಾದ ಹಾವಭಾವ ಕಾಣಲ್ಲ. ಮಾತಾಡುವವರ ಕಣ್ಣೋಟ, ಕೈಸನ್ನೆ ಕೂಡ ಪೂರ್ತಿ ತಿಳಿಯಲ್ಲ. ನೆಟ್ ಕೈಕೊಟ್ಟರೆ ಸಭೆಯೇ ನಿಂತುಹೋಗುತ್ತೆ. ಮುಖ್ಯವಾಗಿ, ಇಲ್ಲಿ ಅಂಜಿಕೆ ಕಡಿಮೆ ಆಗಬಹುದು, ಆದರೆ ಹೇಳಿದ್ದು ಜನಸಾಮಾನ್ಯರಿಗೆ ಅರ್ಥ ಆಗುತ್ತೆ ಅನ್ನೋ ಖಾತ್ರಿ ಇಲ್ಲ.

*ನಮ್ಮ ಜಿಲ್ಲೆಗೇನು ಸಂಬಂಧ?*

ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮದಡಿ ಎಂಡಿ, ಎಂಎಸ್ ವಿದ್ಯಾರ್ಥಿಗಳು 3 ತಿಂಗಳು ಜಿಲ್ಲಾ ಆಸ್ಪತ್ರೆ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕು. ಇಲ್ಲಿ ಅವರ ಮುಂದೆ ಇರೋರು ಪ್ರೊಫೆಸರ್‌ಗಳಲ್ಲ, ರೋಗಿ ಜೊತೆ ಬಂದ ಮನೆಮಂದಿ, ಆಶಾ ಕಾರ್ಯಕರ್ತೆಯರು, ಆರೋಗ್ಯ ಶಿಬಿರಕ್ಕೆ ಬಂದ ಹಿರಿಯರು. ‘ಬಿಪಿ ಕಂಟ್ರೋಲ್‌ನಲ್ಲಿದೆ’ ಅಂದ ತಕ್ಷಣ ವಾಸಿಯಾಯ್ತು ಅಂದುಕೊಂಡು ಮಾತ್ರೆ ಬಿಡುವವರಿದ್ದಾರೆ. ‘ಮಾತ್ರೆ ತಗೊಳ್ತಿರೋದಕ್ಕೇ ಬಿಪಿ ಹಿಡಿತದಲ್ಲಿದೆ, ನಿಲ್ಲಿಸಬೇಡಿ’ ಅಂತ ಒಂದು ಮಾತು ಸೇರಿಸಿದರೆ ದೊಡ್ಡ ಅನಾಹುತ ತಪ್ಪಬಹುದು.

ಹಾಗಾಗಿ ವರ್ಚುವಲ್ ಸಭೆಯಲ್ಲಿ ಕನ್ನಡದಲ್ಲೂ ತಾಲೀಮು ನಡೀಬೇಕು. ವೈದ್ಯರಲ್ಲದ ಒಬ್ಬಿಬ್ಬರನ್ನಾದರೂ ಸಭಿಕರಾಗಿ ಕೂರಿಸಿ, ಕೊನೆಗೆ ‘ನಿಮಗೆ ಏನು ಅರ್ಥ ಆಯ್ತು, ಹೇಳಿ’ ಅಂತ ಕೇಳಬೇಕು. ಭಾಷಣ ಪಾಸೋ ಫೇಲೋ ಅನ್ನೋದು ಆ ಉತ್ತರದಲ್ಲೇ ಗೊತ್ತಾಗುತ್ತೆ.