ಪೀಪಾಯಿಯಿಂದ ಸೀಸೆಗೆ

ನರೋಡಾದಲ್ಲಿ ನೆಲಸಿರುವ ನಮ್ಮವರಿಗೆ ಬಿಯರು ದೂರದ ಮಾತು. 1949ರ ಮುಂಬಯಿ ಪಾನನಿರೋಧ ಶಾಸನವು 1960ರಲ್ಲಿ ಗುಜರಾತ್ ಪ್ರತ್ಯೇಕ ರಾಜ್ಯವಾದ ಮೇಲೂ ಇಲ್ಲಿ ಜಾರಿಯಲ್ಲಿದೆ. ತವರಿನಲ್ಲಿ ಹಾಗಲ್ಲ. 2020ರ ಮೇ ತಿಂಗಳಲ್ಲಿ, ಕೊರೋನಾ ದಿಗ್ಬಂಧನದಿಂದಾಗಿ ಬೆಂಗಳೂರಿನ ಕಿರು ಬಿಯರುಶಾಲೆಗಳು ಹುದುಗಿಸಿಟ್ಟ ಸರಕು ಪೀಪಾಯಿಗಳಲ್ಲೇ ಕೆಡುವಂತಾದಾಗ, ಸೀಸೆಗೆ ತುಂಬಿ ಮಾರಲು ಸರಕಾರವು ಸಮ್ಮತಿಯಿತ್ತಿತು.

ತುಂಬುವ ಕೆಲಸವೋ ನಾಜೂಕಿನದು. ಬಿಯರಿನ ಜೀವವೇ ಅದರೊಳಗಿನ ಇಂಗಾಲಾಮ್ಲ ವಾಯು. ಬೆಚ್ಚಗಿನ ಸೀಸೆಗೆ ರಭಸದಿಂದ ಸುರಿದರೆ ಅದು ನೊರೆಯಾಗಿ ಹಾರಿಹೋಗುತ್ತದೆ. ಆದುದರಿಂದ ಶುಚಿಯಾದ ಸೀಸೆಯನ್ನು ತಣ್ಣಗಿರಿಸಿ, ಪೀಪಾಯಿಯ ಒತ್ತಡವನ್ನು ತಗ್ಗಿಸಿ, ತಳಮುಟ್ಟುವ ಕೊಳವೆಯಿಂದ ಮೆಲ್ಲಗೆ ತುಂಬಬೇಕು. ನೊರೆ ಬಾಯಿಗೆ ಬಂದೊಡನೆ ಮುಚ್ಚಳವನ್ನು ಬಿಗಿಯಬೇಕು. ಒಳಗೆ ಗಾಳಿಯುಳಿದರೆ ರುಚಿ ಬೇಗನೆ ಕೆಡುವುದು.

ರಜೆಗೆ ಊರಿಗೆ ಹೋದವರು ಅಂಥ ಸೀಸೆಯನ್ನು ಪರವಾನಗಿಯಿಲ್ಲದೆ ಪೆಟ್ಟಿಗೆಯಲ್ಲಿಟ್ಟು ತಂದರೆ, ಅಹಮದಾಬಾದಿನ ರೈಲು ನಿಲ್ದಾಣದಲ್ಲಿ ಇಳಿಯುವಾಗ ಅವರು ಅಪರಾಧಿಗಳು.